ಗ್ರಂಥಕ್ಕೆ ಬಾರದ ರೊಟ್ಟಿ: ದಖನ್ನಿನ ಜೋಳದ ರೊಟ್ಟಿಯ ಚರಿತ್ರೆಗೆ ಕೆಲವು ಆಕರಗಳು

ಕನ್ನಡ ನಾಡಿನ ಆಹಾರದ ಚರಿತ್ರೆಯನ್ನು ಬರೆಯಹೊರಡುವವರು ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕನ್ನು ಎದುರಿಸಬೇಕಾಗುತ್ತದೆ. ಅರಮನೆಯ ಊಟಕ್ಕೆ ಗ್ರಂಥಗಳ ಸಾಕ್ಷ್ಯವಿದೆ. ಬಸದಿ, ದೇವಾಲಯಗಳ ನೈವೇದ್ಯಕ್ಕೆ ಶಾಸನಗಳ ಸಾಕ್ಷ್ಯವಿದೆ. ಆದರೆ ಕೃಷ್ಣಾ, ಭೀಮಾ, ಮಲಪ್ರಭೆಗಳ ಕಪ್ಪು ನೆಲದಲ್ಲಿ ತಲೆಮಾರುಗಳ ಕಾಲ ಬಹುಜನರ ಹಸಿವನ್ನು ತಣಿಸಿದ ಜೋಳದ ರೊಟ್ಟಿಯ ವಿಷಯದಲ್ಲಿ ನಮ್ಮ ಪಾಕಗ್ರಂಥಗಳು ಬಹುಮಟ್ಟಿಗೆ ಮೌನವಾಗಿವೆ. ಈ ಮೌನವನ್ನು ಕಂಡ ಕೆಲವರು ರೊಟ್ಟಿಯು ಚರಿತ್ರೆಯಿಲ್ಲದ ವಸ್ತು, ಅದು ಕೇವಲ ಜಾನಪದದ ವಿಷಯ ಎಂದು ಬದಿಗೆ ಸರಿಸಿದ್ದುಂಟು. ನಮಗೆ ಈ ನಿಲುವು ಒಪ್ಪಿತವಲ್ಲ. ರೊಟ್ಟಿಗೆ ಚರಿತ್ರೆಯಿದೆ, ಅದು ಪಾಕಗ್ರಂಥದಲ್ಲಿಲ್ಲದೆ ಪದಗಳಲ್ಲಿ, ಬೀಸುವ ಕಲ್ಲಿನಲ್ಲಿ, ಹಿಟ್ಟನ್ನು ಹದಗೊಳಿಸುವ ಕೈಕೆಲಸದಲ್ಲಿ ಇದೆ. ಈ ಆಕರಗಳಲ್ಲಿ ಯಾವುದೂ 1956ರಲ್ಲಿ ಎಳೆದ ರಾಜ್ಯಗಳ ಗಡಿರೇಖೆಯ ಬಳಿ ನಿಲ್ಲುವುದಿಲ್ಲ. ಆದುದರಿಂದಲೇ ರಾಜ್ಯದ ಹೊರಗಿರುವ ಸಂಶೋಧಕರಿಗೆ ಈ ವಿಷಯ ಹತ್ತಿರದ್ದೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಗ್ರಂಥಗಳನ್ನು ನೋಡೋಣ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೆ ಮೀಸಲಾದ ಭಾಗವೊಂದಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವು ಗೋಧಿಯನ್ನು ತೊಳೆದು, ಒಣಗಿಸಿ, ಬೀಸಿ, ಜರಡಿ ಹಿಡಿದು ಮಾಡುವ ಮಂಡಕವನ್ನೂ ಪೋಲಿಕೆಯನ್ನೂ ಕೆಂಡದ ಮೇಲೆ ಸುಡುವ ಅಂಗಾರಪೋಲಿಕೆಯನ್ನೂ ವಿವರಿಸುತ್ತದೆ. ಇವು ಯಾವುವೂ ಹುದುಗು ಬರಿಸಿದ ಹಿಟ್ಟಿನವಲ್ಲ. ಮಂಡಕವೇ ನಮ್ಮ ಮಂಡಿಗೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ದ ಪಿಷ್ಟಪಾಕ ಭಾಗದಲ್ಲಿ 'ರೊಟ್ಟಿ' ಎಂಬ ಹೆಸರೇ ಬರುತ್ತದೆ. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿ ಅವುಗಳಲ್ಲಿ ಒಂದು. ಸಂಸ್ಕೃತದಲ್ಲಿ 'ರೋಟಿಕಾ' ಎಂಬ ರೂಪವು ಅದೇ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ದಲ್ಲಿ ದೊರೆಯುತ್ತದೆ. ಪ್ರಾಚೀನ ಸಂಸ್ಕೃತ ವಾಙ್ಮಯದಲ್ಲಿ ಈ ಪದವಿಲ್ಲ. ಅಂದರೆ ದೇಶಭಾಷೆಗಳಲ್ಲಿ ಬಳಕೆಯಲ್ಲಿದ್ದ ಪದವನ್ನು ವೈದ್ಯಗ್ರಂಥಕಾರರು ತಡವಾಗಿ ಸಂಸ್ಕೃತದ ಅಚ್ಚಿಗೆ ಹೊಯ್ದುಕೊಂಡರೆಂದು ಊಹಿಸುವುದು ಯುಕ್ತ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಗ್ರಂಥಗಳು ಉಳ್ಳವರ ಊಟವನ್ನು ವರ್ಣಿಸುತ್ತವೆ. ಗೋಧಿ, ತುಪ್ಪ, ಸಕ್ಕರೆ, ಪಚ್ಚಕರ್ಪೂರಗಳ ಸಾಲಿನಲ್ಲಿ ಜೋಳಕ್ಕೆ ಎಡೆ ದೊರೆಯಲಿಲ್ಲ. ರಾಗಿಗಾದರೂ ಕನಕದಾಸರಂತಹ ವಕೀಲರು ಸಿಕ್ಕಿದರು. 'ರಾಮಧಾನ್ಯಚರಿತೆ'ಯಲ್ಲಿ ರಾಗಿಯು ಭತ್ತದೊಡನೆ ವಾದಿಸಿ ಗೆದ್ದಿತು. ಜೋಳದ ಪಕ್ಷವನ್ನು ಹಿಡಿದು ಅಂತಹ ಕಾವ್ಯವನ್ನು ಯಾರೂ ಬರೆಯಲಿಲ್ಲ.

ಆದರೆ ಕಾವ್ಯವಸ್ತುವಾಗದ ಜೋಳವು ಕಾವ್ಯದ ಮೌಲ್ಯವಾಗಿ ಬಂದಿದೆ. ಹಳಗನ್ನಡ ಕಾವ್ಯಗಳಲ್ಲೂ ಶಾಸನಗಳಲ್ಲೂ ಕಾಣುವ 'ಜೋಳವಾಳಿ' ಎಂಬ ಪದವನ್ನು ನಾವು ಇಲ್ಲಿ ನೆನೆಯಬೇಕು. ಒಡೆಯನ ಅನ್ನವನ್ನುಂಡ ಯೋಧನು ಆ ಋಣಕ್ಕಾಗಿ ಪ್ರಾಣವನ್ನು ಒಪ್ಪಿಸುವ ಕರ್ತವ್ಯಕ್ಕೆ ಈ ಹೆಸರು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ವೇಳೆವಾಳಿ, ಲೆಂಕವಾಳಿಗಳ ಜೊತೆಗೆ ಇದನ್ನು ಚರ್ಚಿಸಿದ್ದಾರೆ. ಇತರೆಡೆ ಉಪ್ಪಿನ ಋಣವೆನ್ನುವುದನ್ನು ಪ್ರಾಚೀನ ಕನ್ನಡಿಗರು ಜೋಳದ ಋಣವೆಂದರು. ಅಕ್ಕಿಯ ಋಣವೆನ್ನಲಿಲ್ಲ, ಗೋಧಿಯ ಋಣವೆನ್ನಲಿಲ್ಲ. ಒಂದು ಧಾನ್ಯದ ಹೆಸರು ನಿಷ್ಠೆಯ ಹೆಸರಾಗಬೇಕಾದರೆ ಆ ಧಾನ್ಯವು ಸೈನ್ಯಕ್ಕೆ ಸೇರುತ್ತಿದ್ದ ಒಕ್ಕಲು ಮಕ್ಕಳ ಮುಖ್ಯ ಆಹಾರವಾಗಿ ನೆಲೆಗೊಂಡು ಬಹುಕಾಲವಾಗಿರಬೇಕು. ಪಾಕಗ್ರಂಥಗಳು ಕೊಡದ ಸಾಕ್ಷ್ಯವನ್ನು ವೀರಗಲ್ಲುಗಳ ಲೋಕವು ಹೀಗೆ ಕೊಡುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಜೋಳವಾಳಿಯು ಜೋಳಕ್ಕೆ ಸಾಕ್ಷಿಯೇ ಹೊರತು ರೊಟ್ಟಿಗೆ ಸಾಕ್ಷಿಯಲ್ಲ. ಜೋಳವನ್ನು ನುಚ್ಚು ಮಾಡಿ ಉಣ್ಣಬಹುದು, ಅಂಬಲಿ ಕಾಯಿಸಿ ಕುಡಿಯಬಹುದು, ಮುದ್ದೆ ಅಥವಾ ಸಂಗಟಿ ಮಾಡಬಹುದು, ಎಳೆಯ ತೆನೆಯನ್ನು ಸುಟ್ಟು ಸೀತನಿಯಾಗಿ ತಿನ್ನಬಹುದು. ಇವೆಲ್ಲವೂ ರೊಟ್ಟಿಗಿಂತ ಸುಲಭದ ಕ್ರಮಗಳು. ಕುದಿಸುವ ಮಡಕೆಯೊಂದಿದ್ದರೆ ಅಥವಾ ಸುಡುವ ಬೆಂಕಿಯಿದ್ದರೆ ಸಾಕು. ರೊಟ್ಟಿಗೆ ನುಣ್ಣನೆಯ ಹಿಟ್ಟು ಬೇಕು, ಕಾದ ಹಂಚು ಬೇಕು, ನುರಿತ ಕೈ ಬೇಕು. ಆದುದರಿಂದ ಜೋಳವು ಎಂದು ಬಂದಿತು ಎಂಬ ಪ್ರಶ್ನೆಯನ್ನೂ ರೊಟ್ಟಿಯು ಎಂದು ಬಂದಿತು ಎಂಬ ಪ್ರಶ್ನೆಯನ್ನೂ ಬೇರ್ಪಡಿಸಿ ನೋಡತಕ್ಕದ್ದು.

ಜೋಳದ ತವರು ಆಫ್ರಿಕಾದ ಈಶಾನ್ಯ ಭಾಗ. ಪೂರ್ವ ಸೂಡಾನಿನಲ್ಲಿ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಲ್ಲಿ ಅದು ಬೇಸಾಯದ ಬೆಳೆಯಾಗಿ ಮಾರ್ಪಡುತ್ತಿತ್ತೆಂಬುದಕ್ಕೆ 2017ರಲ್ಲಿ ಪ್ರಕಟವಾದ ಉತ್ಖನನದ ಅಧ್ಯಯನಗಳು ಸಾಕ್ಷ್ಯ ನೀಡಿವೆ. ಭಾರತಕ್ಕೆ ಅದು ಬಂದದ್ದು ಕ್ರಿ.ಪೂ. ಎರಡನೆಯ ಸಹಸ್ರಮಾನದ ಸುಮಾರಿಗೆ. ಬಳ್ಳಾರಿಯ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ನಡೆಸಿದ ಸಸ್ಯಾವಶೇಷಗಳ ಅಧ್ಯಯನದಿಂದ ತಿಳಿದುಬರುವಂತೆ, ಅಲ್ಲಿನ ಆದಿಮ ಬೇಸಾಯಗಾರರ ಮುಖ್ಯ ಧಾನ್ಯಗಳು ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ. ಜೊತೆಗೆ ಹುರುಳಿ, ಹೆಸರು. ಕಪ್ಪು ನೆಲಕ್ಕೂ ಜೋಳಕ್ಕೂ ಅನಾದಿ ಸಂಬಂಧವೆಂದು ನಾವು ವಾಡಿಕೆಯಲ್ಲಿ ಹೇಳುವ ಮಾತು ಆದಕಾರಣ ನಿಲ್ಲುವುದಿಲ್ಲ. ಜೋಳ ಹೊರಗಿನಿಂದ ಬಂದು ಇಲ್ಲಿ ಮನೆಯ ಮಗನಾದ ಧಾನ್ಯ.

ಆಫ್ರಿಕಾದ ಹೋಲಿಕೆಯಿಂದ ಇನ್ನೊಂದು ಉಪಯೋಗವಿದೆ. ಸೂಡಾನಿನಲ್ಲಿ ಇಂದಿಗೂ ಜೋಳದ ಹಿಟ್ಟಿನಿಂದ 'ಕಿಸ್ರಾ' ಎಂಬ ತೆಳ್ಳನೆಯ ಖಾದ್ಯವನ್ನು ಮಾಡುತ್ತಾರೆ. ಅದು ಹುಳಿ ಬರಿಸಿದ ಸಂಪಣವನ್ನು ಕಾದ ತಗಡಿನ ಮೇಲೆ ಹರಡಿ ಬೇಯಿಸುವಂಥದು. ಬಗೆಯಲ್ಲಿ ನಮ್ಮ ದೋಸೆಗೆ ಸಮೀಪ, ರೊಟ್ಟಿಗೆ ದೂರ. ಹಾಗಾದರೆ ಧಾನ್ಯವು ಸಮುದ್ರ ದಾಟಿ ಬಂದಾಗ ಅಡುಗೆಯ ಕ್ರಮವೂ ಅದರೊಡನೆ ಬರಲಿಲ್ಲ ಅಥವಾ ಬಂದರೂ ಉಳಿಯಲಿಲ್ಲ. ಹುಳಿ ಬರಿಸುವ ವಿದ್ಯೆ ನಮ್ಮವರಿಗೆ ತಿಳಿಯದ್ದೇನೂ ಅಲ್ಲ. ಅಂಬಲಿಯನ್ನು ಹುಳಿಸಿ ಕುಡಿಯುವ ರೂಢಿಯಿದೆ, ದೋಸೆಯ ಹಿಟ್ಟನ್ನು ಉಬ್ಬಿಸುವ ರೂಢಿಯಿದೆ. ಆದರೂ ಜೋಳದ ಹಿಟ್ಟನ್ನು ಹುದುಗಿಲ್ಲದೆ, ಹುಳಿಯಿಲ್ಲದೆ, ಬಿಸಿನೀರೊಂದರಿಂದಲೇ ರೊಟ್ಟಿಯಾಗಿಸುವ ಕ್ರಮವು ದಖನ್ನಿನಲ್ಲಿ ನೆಲೆನಿಂತಿತು. ಈ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ, ಏಕೆಂದರೆ ನಮ್ಮ ವಾದದ ತಿರುಳು ಅಲ್ಲಿದೆ.

ಗೋಧಿಯ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದರ ಪ್ರೋಟೀನು ನಾರುನಾರಾಗಿ ಹೆಣೆದುಕೊಂಡು ಕಣಕವು ಎಳೆದಷ್ಟು ಹಿಗ್ಗುತ್ತದೆ. ಇದೇ ಗ್ಲುಟೆನ್. ಜೋಳದಲ್ಲಿ ಈ ಗುಣವಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಕೈಯಲ್ಲಿ ಉಂಡೆಯಾಗಿ ನಿಂತರೂ ತಟ್ಟಹೋದರೆ ಅಂಚು ಬಿರಿಯುತ್ತದೆ, ಎತ್ತಹೋದರೆ ಮುರಿಯುತ್ತದೆ. ಈ ಕೊರತೆಯನ್ನು ನೀಗಲು ಕಂಡುಕೊಂಡ ಉಪಾಯವೇ ಎಸರು. ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರನ್ನು ಹೊಯ್ದು, ಸೌಟಿನಿಂದ ಕೂಡಿಸಿ, ಕೈ ತಾಳುವಷ್ಟು ಆರಿದ ಮೇಲೆ ನಾದುತ್ತಾರೆ. ಜೋಳದ ಪಿಷ್ಟವು ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರನ್ನು ಹೀರಿ ಅಂಟಾಗುತ್ತದೆ. ಎಸರು ಬಿದ್ದ ಭಾಗದ ಪಿಷ್ಟವು ಹೀಗೆ ಅಂಟಾಗಿ ಉಳಿದ ಹಸಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳು ಇದನ್ನು 'ಜಿಗಿ' ಎನ್ನುತ್ತಾರೆ. ಗೋಧಿಯಲ್ಲಿ ಪ್ರೋಟೀನು ಮಾಡುವ ಕೆಲಸವನ್ನು ಇಲ್ಲಿ ಅರೆಬೆಂದ ಪಿಷ್ಟವು ಮಾಡುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಕುಂದುತ್ತದೆ. ಆದುದರಿಂದ ಜೋಳವನ್ನು ಬೇಕಾದಷ್ಟೇ ಬೀಸಿಕೊಳ್ಳುವುದು ವಾಡಿಕೆ. ನಿತ್ಯ ಬೀಸುವ ಕಷ್ಟಕ್ಕೆ ಇದೂ ಒಂದು ಕಾರಣವಾಗಿತ್ತು.

ಇನ್ನು ತಟ್ಟುವ ಕೆಲಸ. ನಾದಿದ ಹಿಟ್ಟಿನಿಂದ ಉಂಡೆ ತೆಗೆದು, ಕೊಣಮಿಗೆಯಲ್ಲಿ ಅಥವಾ ನೆಲದ ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹಿಗ್ಗಿಸುತ್ತಾರೆ. ವಿಜಯಪುರ, ಬಾಗಲಕೋಟೆಗಳ ಕಡೆ ಇದನ್ನು 'ರೊಟ್ಟಿ ಬಡಿಯುವುದು' ಎನ್ನುವುದು ರೂಢಿ. ಚಪಾತಿಯನ್ನು ಲಟ್ಟಿಸುತ್ತಾರೆ, ರೊಟ್ಟಿಯನ್ನು ಬಡಿಯುತ್ತಾರೆ; ಈ ಎರಡು ಕ್ರಿಯಾಪದಗಳ ನಡುವೆ ಎರಡು ಧಾನ್ಯಗಳ ಸ್ವಭಾವಭೇದವಿದೆ. ಒಣಹಿಟ್ಟು ಹತ್ತಿದ ಮಗ್ಗುಲು ಮೇಲಾಗುವಂತೆ ರೊಟ್ಟಿಯನ್ನು ಕಾದ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದಲೋ ಕೈಯಿಂದಲೋ ಅದರ ಮೈಗೆ ನೀರು ಸವರುತ್ತಾರೆ. ನೋಡುವವರಿಗೆ ಇದು ಹಿಟ್ಟನ್ನು ಒರೆಸುವ ಕೆಲಸದಂತೆ ತೋರುತ್ತದೆ. ವಾಸ್ತವವಾಗಿ ಆ ನೀರು ಮೇಲ್ಮೈಯ ಪಿಷ್ಟವನ್ನು ಅಂಟಾಗಿಸಿ ಒಂದು ತೆಳುಪೊರೆಯನ್ನು ನಿರ್ಮಿಸುತ್ತದೆ. ನೀರು ಆರುತ್ತಲೇ ಮಗುಚಿ, ಬಳಿಕ ಕೆಂಡಕ್ಕೋ ಉರಿಗೋ ಒಡ್ಡಿದಾಗ ಒಳಗಿನ ತೇವವು ಹಬೆಯಾಗಿ ಆ ಪೊರೆಯನ್ನು ಎತ್ತುತ್ತದೆ, ರೊಟ್ಟಿ ಉಬ್ಬುತ್ತದೆ. ಹುದುಗಿನ ಗಾಳಿಯಿಂದ ಆಗಬೇಕಾದದ್ದು ಇಲ್ಲಿ ಕ್ಷಣಮಾತ್ರದ ಹಬೆಯಿಂದ ಆಗುತ್ತದೆ. ಹುದುಗು ಹಾಕಿದ್ದರೂ ಹೆಚ್ಚಿನ ಪ್ರಯೋಜನವಿರಲಿಲ್ಲ. ಗಾಳಿಯನ್ನು ಹಿಡಿದಿಡುವ ಬಲೆಯೇ ಈ ಹಿಟ್ಟಿನಲ್ಲಿಲ್ಲ. ಆದುದರಿಂದ ಹುದುಗಿಲ್ಲದ ರೊಟ್ಟಿಯನ್ನು ಹುದುಗನ್ನು ಅರಿಯದವರ ಒರಟು ಆಹಾರವೆಂದು ಬಗೆಯುವುದು ಸರಿಯಲ್ಲ. ಅದು ಧಾನ್ಯದ ಗುಣವನ್ನು ಬಲ್ಲವರು ರೂಪಿಸಿದ ಕ್ರಮ.

ಈ ಕ್ರಮದ ಪದಗಳನ್ನು ಮೂರು ಭಾಷೆಗಳಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಸ್ವಾರಸ್ಯದ ಚಿತ್ರ ದೊರೆಯುತ್ತದೆ. ಕನ್ನಡದ ಜೋಳಕ್ಕೆ ತಮಿಳಿನ ಚೋಳಂ ನೇರ ಬಂಧು. ತೆಲುಗಿನಲ್ಲಿ ಅದು ಜೊನ್ನ. ಮರಾಠಿಯಲ್ಲಿ ಜ್ವಾರಿ ಎಂಬುದರ ಜೊತೆಗೆ ಜೋಂಧಳಾ ಎಂಬ ಇನ್ನೊಂದು ಹೆಸರೂ ಇದೆ. ಈ ಪದಗಳು ಸಂಸ್ಕೃತದ ಯವನಾಲದಿಂದ ಬಂದವೇ ಅಥವಾ ದ್ರಾವಿಡದಲ್ಲಿಯೇ ಹುಟ್ಟಿದವೇ ಎಂಬ ಬಗೆಗೆ ಭಾಷಾಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಕುದಿನೀರಿಗೆ ಕನ್ನಡವೂ ತೆಲುಗೂ ಒಂದೇ ಪದವನ್ನು ಬಳಸುತ್ತವೆ, ಎಸರು. ಮರಾಠಿ ಅದನ್ನು ಆಧಣ ಎನ್ನುತ್ತದೆ. ಹಿಟ್ಟು ನಾದುವ ಮರದ ಮರಿಗೆ ನಮ್ಮಲ್ಲಿ ಕೊಣಮಿಗೆ, ಮರಾಠಿಯಲ್ಲಿ ಕಾಠವಟ. ರೊಟ್ಟಿಯು ತೆಲಂಗಾಣದಲ್ಲಿ ಜೊನ್ನ ರೊಟ್ಟೆ, ಮಹಾರಾಷ್ಟ್ರದಲ್ಲಿ ಭಾಕರಿ. ಕನ್ನಡದ 'ಹಂಚು' ಎಂಬ ಪದವಂತೂ ವಿಶೇಷವಾಗಿ ಗಮನಾರ್ಹ. ಮನೆಯ ಮೇಲೆ ಹೊದಿಸುವ ಮಣ್ಣಿನ ಬಿಲ್ಲೆಯೂ ಹಂಚೇ, ರೊಟ್ಟಿ ಸುಡುವ ಸಾಧನವೂ ಹಂಚೇ, ಅದು ಕಬ್ಬಿಣದ್ದಾದರೂ ಸರಿಯೇ. ಮಂಡಕವನ್ನು ಬೇಯಿಸಲು 'ಮಾನಸೋಲ್ಲಾಸ'ವು ಹೇಳುವ ಖರ್ಪರಕ್ಕೂ ಮಡಕೆಯ ಚೂರು ಎಂಬ ಅರ್ಥವಿದೆ. ಕಬ್ಬಿಣದ ತವೆ ಬರುವ ಮೊದಲು ಸುಟ್ಟ ಮಣ್ಣಿನ ಬಿಲ್ಲೆಯೇ ರೊಟ್ಟಿಯ ಒಲೆಯ ಮೇಲಿತ್ತೆಂಬುದಕ್ಕೆ ಪದವೇ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

ನುಣ್ಣನೆಯ ಹಿಟ್ಟಿಲ್ಲದೆ ರೊಟ್ಟಿಯಿಲ್ಲ ಎಂದೆವು. ನವಶಿಲಾಯುಗದ ನೆಲೆಗಳಲ್ಲಿ ದೊರೆಯುವುದು ಹಿಂದೆ ಮುಂದೆ ಉಜ್ಜಿ ಅರೆಯುವ ಕಲ್ಲು. ತಿರುಗಿಸಿ ಬೀಸುವ ಜೋಡಿಕಲ್ಲು ದಖನ್ನಿಗೆ ಬಂದದ್ದು ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ. ಅಂತಹ ಕಲ್ಲುಗಳನ್ನು ಎಚ್.ಡಿ. ಸಂಕಾಲಿಯಾ ಅವರು ನೇವಾಸಾ ಮೊದಲಾದ ನೆಲೆಗಳಿಂದ 1959ರಲ್ಲಿ ವರದಿ ಮಾಡಿದ್ದಾರೆ. ಉಜ್ಜುವ ಕಲ್ಲಿನಲ್ಲಿ ಒಂದು ಮನೆಗೆ ಬೇಕಾಗುವಷ್ಟು ಜೋಳವನ್ನು ದಿನವೂ ಹಿಟ್ಟಾಗಿಸುವುದು ಅಸಾಧ್ಯವಲ್ಲವಾದರೂ ಬಹಳ ಪ್ರಯಾಸದ್ದು. ಆದಕಾರಣ ರೊಟ್ಟಿಯು ಹಬ್ಬದೂಟದ ಸ್ಥಾನದಿಂದ ನಿತ್ಯದ ಊಟಕ್ಕೆ ಇಳಿದದ್ದು ಬೀಸುವ ಕಲ್ಲು ಮನೆಮನೆಗೆ ಹೊಕ್ಕ ಮೇಲೆ ಇರಬೇಕೆಂಬುದು ನಮ್ಮ ಊಹೆ.

ಈ ಕಲ್ಲಿನ ಸುತ್ತ ಬೆಳೆದ ಹಾಡಿನ ರಾಶಿಯೇ ರೊಟ್ಟಿಯ ಚರಿತ್ರೆಗೆ ಇರುವ ಬಹುದೊಡ್ಡ ಆಕರ. ಭೀಮಾತೀರದ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಬೆಳಕಿಗೆ ತಂದ 'ಗರತಿಯ ಹಾಡು' ತ್ರಿಪದಿಗಳ ಸಂಕಲನ. ಈ ತ್ರಿಪದಿಗಳಲ್ಲಿ ಬಹುಭಾಗ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಲ್ಲಿ ಬೆಳೆದುಬಂದವು. ಅದೇ ಸೀಮೆಯ ಆಚೆಗೆ ಮರಾಠಿಯ ಜಾತ್ಯಾವರಚ್ಯಾ ಓವ್ಯಾ ಇವೆ. ಪುಣೆಯಲ್ಲಿ ನೆಲೆಸಿ ಹೇಮಾ ರಾಯರ್ಕರ್ ಮತ್ತು ಗೀ ಪುವಾತ್ವ್ಯಾಂ ಅವರು ಕೂಡಿಸಿದ ಓವಿಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ. ಮೂರನೆಯದು ದಖನಿ. ಬಿಜಾಪುರದ ಸೂಫಿಗಳು ರಚಿಸಿದ ಚಕ್ಕಿನಾಮಾಗಳನ್ನು ರಿಚರ್ಡ್ ಈಟನ್ ಅವರು 1970ರ ದಶಕದ ತಮ್ಮ ಅಧ್ಯಯನಗಳಲ್ಲಿ ಚರ್ಚಿಸಿದ್ದಾರೆ. ಬೀಸುವ ಕಲ್ಲಿನ ಹಿಡಿಯನ್ನು ಅಲಿಫ್ ಅಕ್ಷರಕ್ಕೆ ಹೋಲಿಸುವ ಈ ಪದಗಳು ಹಿಟ್ಟು ಬೀಸುವ ಹೆಣ್ಣುಮಕ್ಕಳ ಮೂಲಕ ಮನೆಯೊಳಗೆ ಧರ್ಮಬೋಧೆಯನ್ನು ತಂದವು ಎಂಬುದು ಅವರ ಪ್ರತಿಪಾದನೆ. ತೆಲಂಗಾಣದಲ್ಲಿ ಬೀಸುವ ಕಲ್ಲಿಗೆ ಇಸುರ್ರಾಯಿ ಎನ್ನುತ್ತಾರೆ. ನಮ್ಮ 'ಬೀಸು' ಮತ್ತು ಅವರ 'ಇಸುರು' ಒಂದೇ ಮನೆತನದ ಪದಗಳು. ಒಂದೇ ಕಲ್ಲು, ಒಂದೇ ಧಾನ್ಯ, ಒಂದೇ ನಸುಕಿನ ಹೊತ್ತು. ಹಾಡಿದ ಭಾಷೆಗಳು ನಾಲ್ಕು. ಈ ನಾಲ್ಕನ್ನೂ ಜೊತೆಯಲ್ಲಿಟ್ಟು ಓದಿದ ಅಧ್ಯಯನ ನಮ್ಮಲ್ಲಿ ಬೆಳೆಯಲಿಲ್ಲ. ಕನ್ನಡ ವಿಭಾಗದವರು ತ್ರಿಪದಿಯನ್ನು ಓದಿದರು, ಮರಾಠಿ ವಿಭಾಗದವರು ಓವಿಯನ್ನು ಓದಿದರು, ಚಕ್ಕಿನಾಮಾ ಇತಿಹಾಸಕಾರರ ಪಾಲಿಗೆ ಹೋಯಿತು.

ರೊಟ್ಟಿಯ ಅಳತೆಯಲ್ಲಿ ಬರಗಾಲದ ಚರಿತ್ರೆಯನ್ನೂ ಓದಬಹುದು. 1876-78ರ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಅಂದರೆ ಮುಂದೆ ಬಿಜಾಪುರ ಜಿಲ್ಲೆಯೆಂದು ಹೆಸರಾದ ಪ್ರದೇಶ, ಬೊಂಬಾಯಿ ಪ್ರಾಂತದಲ್ಲಿಯೇ ಅತ್ಯಂತ ಹೆಚ್ಚು ನೊಂದ ಭಾಗಗಳಲ್ಲಿ ಒಂದು. 1872ರ ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು. ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಲು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಸೂಚಿಸಿದ ಪ್ರಮಾಣವು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಅಲ್ಪ ಹಣ. ಒಂದು ಪೌಂಡು ಜೋಳವೆಂದರೆ ಏಳೆಂಟು ರೊಟ್ಟಿಯ ಹಿಟ್ಟು. ಇಡೀ ದಿನ ಕಲ್ಲೊಡೆದು, ಮಣ್ಣು ಹೊತ್ತು, ಬೇರೇನೂ ಹೆಚ್ಚಿಲ್ಲದೆ ಇಷ್ಟರಲ್ಲಿ ಬದುಕುವುದು ಸಾಧ್ಯವಿಲ್ಲವೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದ್ದು ದಾಖಲೆಯಲ್ಲಿದೆ. ಕ್ಷಾಮದ ಕಡತಗಳು ಪೌಂಡು, ಔನ್ಸುಗಳಲ್ಲಿ ಲೆಕ್ಕ ಹೇಳುತ್ತವೆ. ಅವನ್ನು ರೊಟ್ಟಿಯ ಲೆಕ್ಕಕ್ಕೆ ತಿರುಗಿಸಿ ನೋಡಿದಾಗಲೇ ಅವುಗಳ ಅರ್ಥ ಆ ನೆಲದ ಜನಕ್ಕೆ ತಟ್ಟುವಂತಾಗುತ್ತದೆ.

ರೊಟ್ಟಿಗೆ ಒಪ್ಪುವ ಬಿಳಿಜೋಳ ಹಿಂಗಾರಿಯ ಬೆಳೆ. ಮಳೆ ಹಿಂದೆ ಸರಿದ ಮೇಲೆ ಬಿತ್ತಿ, ಕಪ್ಪು ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆದು, ಮಾಘ ಫಾಲ್ಗುಣಗಳಲ್ಲಿ ಕೊಯ್ಲಿಗೆ ಬರುತ್ತದೆ. 20ನೆಯ ಶತಮಾನದ ಮೊದಲರ್ಧದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದ ಎಂ 35-1 ಎಂಬ ತಳಿಯು ಕರ್ನಾಟಕ, ಮಹಾರಾಷ್ಟ್ರಗಳ ರೊಟ್ಟಿಗೆ ಸಮಾನವಾಗಿ ಅಳತೆಗೋಲಾಯಿತು. ಮುಂದೆ 1964ರಿಂದ ಬಂದ ಸಂಕರ ತಳಿಗಳು ಇಳುವರಿಯಲ್ಲಿ ಮುಂದಿದ್ದರೂ ರೊಟ್ಟಿಯ ರುಚಿಯಲ್ಲಿ ಮಾಲದಂಡಿಯನ್ನು ಹಿಂದಿಕ್ಕಲಾಗಲಿಲ್ಲ. ಅದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಂಗಳವೇಢೆಯೆಂದರೆ ಕಳಚುರಿ ಬಿಜ್ಜಳನ ಮಂಗಳವಾಡ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮೊದಲು ಇದ್ದರೆಂದು ಪರಂಪರೆಯು ಹೇಳುವ ಊರು. ಕನ್ನಡ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗೆ ಅದು ಶರಣರ ಊರು, ಮಹಾರಾಷ್ಟ್ರದ ಗ್ರಾಹಕನಿಗೆ ಅದು ಜೋಳದ ಊರು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡಗಳು ಬೊಂಬಾಯಿ ರಾಜ್ಯದಿಂದಲೂ ಗುಲಬರ್ಗಾ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದಲೂ ಮೈಸೂರು ರಾಜ್ಯಕ್ಕೆ ಬಂದವು. ಸೊಲ್ಲಾಪುರ ಉಳಿಯಿತು. ಅಂದಿನಿಂದ ಒಂದೇ ಜೋಳದ ಸೀಮೆಯನ್ನು ಎರಡು ರಾಜ್ಯಗಳ ಗ್ಯಾಸೆಟಿಯರುಗಳು ಬೇರೆ ಬೇರೆಯಾಗಿ ವರ್ಣಿಸುತ್ತ ಬಂದಿವೆ.

ಹಬ್ಬಗಳು ಈ ರೇಖೆಯನ್ನು ಮನ್ನಿಸಲಿಲ್ಲ. ನಾಗಪಂಚಮಿಗೆ ಮುಂಚೆ ಉತ್ತರ ಕರ್ನಾಟಕದಲ್ಲಿ ರೊಟ್ಟಿ ಪಂಚಮಿ; ಜೋಳದ, ಸಜ್ಜೆಯ ರೊಟ್ಟಿಗಳನ್ನು ಪಲ್ಯಗಳೊಡನೆ ನೆರೆಮನೆಗಳಿಗೆ ಹಂಚುತ್ತಾರೆ. ಗದಗ ಜಿಲ್ಲೆಯ ಡಂಬಳದ ತೋಂಟದಾರ್ಯ ಜಾತ್ರೆಯಂತೂ ರೊಟ್ಟಿ ಜಾತ್ರೆಯೆಂದೇ ಹೆಸರಾಗಿದೆ. ಎಳ್ಳ ಅಮಾವಾಸ್ಯೆಯಂದು ಬೀದರ, ಕಲಬುರಗಿಗಳ ಒಕ್ಕಲಿಗರು ರೊಟ್ಟಿ ಬಜ್ಜಿಗಳ ಬುತ್ತಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಗಡಿಯಾಚೆಯ ಲಾತೂರು, ಧಾರಾಶಿವಗಳ ಮರಾಠಿ ಒಕ್ಕಲಿಗರೂ ಅದೇ ದಿನ ಅದೇ ರೀತಿ ಹೊಲಕ್ಕೆ ಹೋಗುತ್ತಾರೆ. ಅವರು ಆ ಹಬ್ಬವನ್ನು ಶಿಷ್ಟ ಮರಾಠಿಯಲ್ಲಿ ವೇಳ ಅಮಾವಾಸ್ಯೆಯೆಂದೂ ಆಡುಮಾತಿನಲ್ಲಿ ಯೇಳವಸವೆಂದೂ ಕರೆಯುತ್ತಾರೆ. ಮರಾಠಿಯಲ್ಲಿ ಅರ್ಥ ಹೊಂದಿಸಲು ಕಷ್ಟವಾಗುವ ಈ 'ಯೇಳ'ದಲ್ಲಿ ನಮ್ಮ 'ಎಳ್ಳ'ನ್ನು ಕೇಳುವುದು ಸಾಧುವೆಂದು ನಮಗೆ ತೋರುತ್ತದೆ.

ಇನ್ನು ಹೊರನಾಡಿನ ಮಾತು. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಕನ್ನಡಿಗರ ಊಟವೆಂದರೆ ಉಡುಪಿ ಹೋಟೆಲಿನ ಇಡ್ಲಿ ದೋಸೆ ಎಂಬ ಭಾವನೆ ಬೇರೂರಿದೆ. ಹೋಟೆಲು ಉದ್ಯಮದ ಚರಿತ್ರೆಯನ್ನು ನಮ್ಮವರು ಅಭಿಮಾನದಿಂದ ಬರೆದಿದ್ದಾರೆ, ಅದು ಬರೆಯಬೇಕಾದದ್ದೇ. ಆದರೆ ಕಲಬುರಗಿ, ವಿಜಯಪುರಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಬಂದವರೂ ಕನ್ನಡಿಗರೇ. ಅವರು ಬರುವಾಗ ತಂದದ್ದು ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಬುತ್ತಿ. ಒಣಗಿಸಿ ಸುಟ್ಟ ರೊಟ್ಟಿಯಲ್ಲಿ ತೇವವಿಲ್ಲದ ಕಾರಣ ವಾರಗಟ್ಟಲೆ ಕೆಡುವುದಿಲ್ಲ. ಶ್ರೀಶೈಲಕ್ಕೆ ನಡೆದುಹೋಗುವ ಯಾತ್ರಿಕರಿಗೂ ಇದೇ ಬುತ್ತಿ. ನಗರದಲ್ಲಿ ಅವರ ರೊಟ್ಟಿಯು ಭಾಕರಿಯೆಂದೋ ಜೊನ್ನ ರೊಟ್ಟೆಯೆಂದೋ ಎಣಿಕೆಯಾಗಿ, ಅವರು ಕನ್ನಡಿಗರೆಂಬುದು ಗಣನೆಗೆ ಬಾರದೆ ಹೋಗುತ್ತದೆ. ಹೋಟೆಲು ಕಟ್ಟಿದವರ ಕನ್ನಡವು ಹೊರನಾಡಿನ ಕನ್ನಡ ಚರಿತ್ರೆಯಾಯಿತು, ಕಟ್ಟಡ ಕಟ್ಟಿದವರ ಕನ್ನಡ ಆಗಲಿಲ್ಲ. ಈ ಅಸಮತೆಯನ್ನು ನಮ್ಮ ಸಂಶೋಧನೆಯು ಹುಟ್ಟುಹಾಕಲಿಲ್ಲವಾದರೂ ಅದನ್ನು ಪೋಷಿಸಿದ್ದುಂಟು.

ರೊಟ್ಟಿಯೇ ಈ ಅವಧಿಯಲ್ಲಿ ಕ್ಷೀಣಿಸಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದ ಬಳಿಕ ಪಡಿತರದ ಅಂಗಡಿಗೆ ಬಂದದ್ದು ಮುಖ್ಯವಾಗಿ ಅಕ್ಕಿ ಮತ್ತು ಗೋಧಿ. ಜೋಳ ತಿನ್ನುತ್ತಿದ್ದವರ ಕೈಗೆ ಅಗ್ಗದ ಗೋಧಿ ಬಂದಿತು; ಬಡಿಯುವ ಶ್ರಮವಿಲ್ಲದ ಚಪಾತಿ ಗೌರವದ ಊಟವಾಯಿತು. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 180 ಲಕ್ಷ ಹೆಕ್ಟೇರಿನಲ್ಲಿದ್ದ ಜೋಳ ಈಗ 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. 2023ನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ನಗರದ ಉಳ್ಳವರು ಜೋಳವನ್ನು ಆರೋಗ್ಯದ ಹೆಸರಿನಲ್ಲಿ ಮರಳಿ ಕಂಡುಕೊಂಡಿದ್ದಾರೆ. ಒಳ್ಳೆಯ ಬಿಳಿಜೋಳದ ಬೆಲೆ ಗೋಧಿಯದನ್ನು ಮೀರಿ, ಬಡವರ ರೊಟ್ಟಿ ಬಡವರಿಗೆ ದುಬಾರಿಯಾಗಿದೆ.

ಬೀಸುವ ಕಲ್ಲನ್ನು ನಿತ್ಯ ಹಿಡಿದಿದ್ದ ಹೆಣ್ಣುಮಕ್ಕಳ ಪೀಳಿಗೆ ಈಗ ಬಹುಪಾಲು ಎಪ್ಪತ್ತನ್ನು ದಾಟಿದೆ. ವಿದ್ಯುತ್ತಿನ ಗಿರಣಿ ಹಳ್ಳಿಗೆ ಬಂದ ಮೇಲೆ ಹುಟ್ಟಿದವರಿಗೆ ಹಾಡು ಕೇಳಿ ಗೊತ್ತು, ಬೀಸಿ ಗೊತ್ತಿಲ್ಲ. ಕೊಣಮಿಗೆಯ ಜಾಗಕ್ಕೆ ಸ್ಟೀಲಿನ ಪರಾತ ಬಂದು ಪದವೂ ವಸ್ತುವಿನೊಡನೆ ಅಟ್ಟ ಸೇರಿತು. ಆದರೂ ಸೊಲ್ಲಾಪುರದಲ್ಲಿ, ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ, ಪುಣೆಯ ಕಾರ್ಮಿಕರ ವಸತಿಗಳಲ್ಲಿ, ಹೈದರಾಬಾದಿನ ಹಳೆಯ ಪೇಟೆಗಳಲ್ಲಿ ಕೇಳಿ ಬರೆದುಕೊಳ್ಳಲು ಇನ್ನೂ ಬಹಳ ಉಳಿದಿದೆ. ಎಸರಿಗೆ ಮನೆಯಲ್ಲಿ ಏನೆನ್ನುತ್ತೀರಿ, ಹಿಟ್ಟಿನ ಜಿಗಿ ಹೋದರೆ ಏನು ಮಾಡುತ್ತೀರಿ, ಗಿರಣಿಯಲ್ಲಿ ಗೋಧಿಯ ಮೇಲೆ ಜೋಳ ಬೀಸಿದರೆ ಒಪ್ಪುತ್ತೀರಾ, ಬೀಸುವಾಗ ಅವ್ವ ಯಾವ ಭಾಷೆಯಲ್ಲಿ ಹಾಡುತ್ತಿದ್ದಳು ಎಂಬ ನಾಲ್ಕು ಪ್ರಶ್ನೆಗಳಿಂದ ಈ ಕೆಲಸವನ್ನು ಆರಂಭಿಸಬಹುದು. ಕೊನೆಯ ಪ್ರಶ್ನೆಗೆ ಒಂದೇ ಭಾಷೆಯ ಹೆಸರು ಉತ್ತರವಾಗಿ ಬರಬೇಕಾಗಿಲ್ಲ. ಎರಡೋ ಮೂರೋ ಹೆಸರುಗಳು ಬಂದರೆ ಅವನ್ನು ಬಂದ ಕ್ರಮದಲ್ಲಿಯೇ ದಾಖಲಿಸಿಕೊಳ್ಳತಕ್ಕದ್ದು.